ಖಾಲಿ ಟ್ಯಾಂಕಿನ ಪರವಾಗಿ

ನಮ್ಮ ಮನೆಯ ಹಾಲ್‌ನಲ್ಲಿ, ಟೀವಿ ಪಕ್ಕದಲ್ಲಿ, ಎರಡಡಿ ಉದ್ದದ ಒಂದು ಗಾಜಿನ ಟ್ಯಾಂಕ್ ಇದೆ. ಅದರಲ್ಲಿ ಕಪ್ಪು ಮಣ್ಣಿದೆ, ಸೊಟ್ಟಗಿನ ಒಂದು ಮರದ ಬೇರಿದೆ, ಆರು ಬಗೆಯ ಗಿಡಗಳಿವೆ, 60 ಲೀಟರ್ ನೀರಿದೆ. ಲೈಟು ದಿನಕ್ಕೆ ಏಳು ಗಂಟೆ ಉರಿಯುತ್ತೆ, ಫಿಲ್ಟರು ಹಗಲೂ ರಾತ್ರಿ ಓಡುತ್ತೆ. ಮೀನು ಮಾತ್ರ ಇಲ್ಲ. ಐದು ವಾರದಿಂದ ಇಲ್ಲ.

ಮನೆಗೆ ಬಂದವರೆಲ್ಲ ಚಪ್ಪಲಿ ಬಿಡೋ ಮೊದಲೇ ಕೇಳೋದು ಒಂದೇ ಪ್ರಶ್ನೆ: "ಮೀನೆಲ್ಲಿ?" ಮೇಲಿನ ಮನೆ ಆಂಟಿ ಕೇಳಿದ್ರು. ಪಾರ್ಸೆಲ್ ಕೊಡೋಕೆ ಬಂದ ಹುಡುಗ ಬಾಗಿಲಿಂದಲೇ ಇಣುಕಿ ಕೇಳಿದ. ಆಫೀಸಿನ ಗೆಳೆಯನೊಬ್ಬ "ಏನ್ ಗುರೂ ಇದು, ಸೊಪ್ಪಿನ ಸಾರಾ?" ಅಂದ. "ನೀರು ಹದಕ್ಕೆ ಬರಲಿ ಅಂತ ಕಾಯ್ತಿದ್ದೀನಿ" ಅಂದರೆ, ಮದುವೆಗೆ ಹುಡುಗಿ ಸಿಕ್ಕಿಲ್ಲ ಅಂದವನನ್ನು ನೋಡೋ ಹಾಗೆ ನೋಡ್ತಾರೆ.

ಈ ಬರಹ ಆ ಖಾಲಿ ಟ್ಯಾಂಕಿನ ಪರವಾಗಿ. ಭಾನುವಾರ ಬೆಳಿಗ್ಗೆ ಟ್ಯಾಂಕು, ಮಧ್ಯಾಹ್ನ ನೀರು, ಸಂಜೆಗೆ ಮೀನು ಎಂಬ ನಮ್ಮೂರಿನ ಪದ್ಧತಿಯ ವಿರುದ್ಧ. ಹಾಗೆ ಮಾರುವ ಅಂಗಡಿಯವರ ವಿರುದ್ಧ ಅಂತ ಬರೆದುಬಿಟ್ಟರೆ ಸುಲಭ. ಆದರೆ ಅರ್ಧಕ್ಕಿಂತ ಹೆಚ್ಚು ತಪ್ಪು ಕೊಳ್ಳುವ ನಮ್ಮದು. ಅದರಲ್ಲೂ ನನ್ನದು. ಹಾಗಾಗಿ ಮೊದಲು ನನ್ನದನ್ನೇ ಹೇಳಿಬಿಡ್ತೀನಿ.

ಮೂರು ವರ್ಷದ ಹಿಂದೆ ಹೊಸ ಮನೆಗೆ ಬಂದಾಗ ಇದೇ ಜಾಗದಲ್ಲಿ ನನ್ನ ಮೊದಲ ಟ್ಯಾಂಕು ಬಂತು. ಅಂಗಡಿಯಲ್ಲಿ ಹಸಿರು ಗಿಡಗಳ ನಡುವೆ ನೀಲಿ-ಕೆಂಪು ಗೀರಿನ ನಿಯಾನ್ ಟೆಟ್ರಾಗಳು ಗುಂಪಾಗಿ ತಿರುಗೋದನ್ನ ನೋಡಿ ಮನಸೋತಿದ್ದೆ. "ಇದೇ ಥರ ಬೇಕು" ಅಂದೆ. ಒಂದೇ ಬಿಲ್ಲಿನಲ್ಲಿ ಎಲ್ಲ ಬಂತು: ಟ್ಯಾಂಕು, ಫಿಲ್ಟರು, ಕಲ್ಲು, ಗಿಡ, ಹತ್ತು ನಿಯಾನ್, ಎರಡು ಏಂಜೆಲ್. "ನೀರಿಗೆ ಏನಾದ್ರೂ ಮಾಡ್ಬೇಕಾ?" ಅಂತ ಕೇಳಿದ್ದೆ, ಸುಳ್ಳಲ್ಲ. ಅಂಗಡಿಯವರು ಒಂದು ಪುಟ್ಟ ಬಾಟಲಿ ಕೈಗಿಟ್ಟು, "ಏನೂ ಆಗಲ್ಲ ಸಾರ್. ಇದು ನಾಲ್ಕು ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಬಿಟ್ಟು ಮೀನು ಬಿಡಿ" ಅಂದರು. ಅದು ಕ್ಲೋರಿನ್ ತೆಗೆಯೋ ದ್ರಾವಣ. ಕ್ಲೋರಿನ್ ಹೋಯಿತು. ಉಳಿದದ್ದರ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಂಗಳವಾರ ನೀರು ಮಬ್ಬಾಯಿತು. ಬುಧವಾರ ನಿಯಾನ್‌ಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿದವು. ಹಸಿವಿರಬೇಕು ಅಂತ ಇನ್ನಷ್ಟು ಊಟ ಹಾಕಿದೆ. ಹೌದು, ಇನ್ನಷ್ಟು ಊಟ. ಗುರುವಾರ ಬೆಳಿಗ್ಗೆ ಮೂರು ಸತ್ತಿದ್ದವು, ಶನಿವಾರಕ್ಕೆ ಏಳು. ಎರಡನೇ ವಾರ ಮುಗಿಯೋ ಹೊತ್ತಿಗೆ ಒಂದು ಏಂಜೆಲ್ ಬಿಟ್ಟು ಏನೂ ಇರಲಿಲ್ಲ. ಆಗ ನಾಲ್ಕು ವರ್ಷದವಳಾಗಿದ್ದ ಅಕ್ಕನ ಮಗಳು ಕೇಳಿದಳು, "ಮಾಮಾ, ಮೀನು ಯಾಕೆ ಮಲಗಿದೆ?" ನಾನು ಹೇಳಿದೆ, "ವಯಸ್ಸಾಗಿತ್ತು ಪುಟ್ಟಿ."

ಚೆನ್ನಾಗಿ ನೋಡಿಕೊಂಡರೆ ನಿಯಾನ್ ಟೆಟ್ರಾ ಐದು ವರ್ಷ ಬದುಕುತ್ತೆ. ನನ್ನವಕ್ಕೆ ತಿಂಗಳುಗಳಷ್ಟೇ ವಯಸ್ಸು. ಅವು ಸತ್ತಿದ್ದು ತಮ್ಮದೇ ಉಚ್ಚೆಯಲ್ಲಿ ಉಸಿರುಗಟ್ಟಿ. ಮಾತು ಒರಟಾಯ್ತು ಅನಿಸಿದರೆ ಕ್ಷಮಿಸಿ, ಆದರೆ ನಡೆದದ್ದು ಅದಕ್ಕಿಂತ ಒರಟಾಗಿತ್ತು.

ಏನಾಗುತ್ತೆ ಅಂತ ನೋಡಿ. ಮೀನಿನ ಮೈಯಿಂದ ಅಮೋನಿಯಾ ಹೊರಬೀಳುತ್ತೆ. ಬಹುಪಾಲು ಕಿವಿರಿನಿಂದಲೇ, ಉಸಿರಾಡಿದ ಹಾಗೆ, ನಿರಂತರವಾಗಿ. ತಿನ್ನದೆ ಬಿಟ್ಟ ಊಟ, ಕೊಳೆತ ಎಲೆ, ಹಿಕ್ಕೆ ಎಲ್ಲವೂ ಕೊನೆಗೆ ಅಮೋನಿಯಾನೇ. ಹೊಳೆಯಲ್ಲಿ ಅದು ಕೊಚ್ಚಿಕೊಂಡು ಹೋಗುತ್ತೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅದು ಕಿವಿರನ್ನ ಸುಡುತ್ತೆ. ಸುಟ್ಟ ಕಿವಿರಿನಿಂದ ನೀರಿನ ಆಮ್ಲಜನಕ ಎಳೆದುಕೊಳ್ಳೋಕೆ ಆಗಲ್ಲ, ಅದಕ್ಕೇ ಮೀನು ಮೇಲೆ ಬಂದು ಬಾಯಿ ಬಿಡೋದು. ನಾನು ಹಸಿವು ಅಂದುಕೊಂಡದ್ದು ಅದನ್ನೇ.

ಪ್ರಕೃತಿಯಲ್ಲಿ ಇದಕ್ಕೆ ಕೆಲಸಗಾರರಿದ್ದಾರೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನ ತಿಂದು ನೈಟ್ರೈಟ್ ಮಾಡುತ್ತೆ. ನೈಟ್ರೈಟೂ ವಿಷವೇ, ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ. ಇನ್ನೊಂದು ಬಗೆಯದು ಆ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ಗಿಡಗಳಿಗೆ ಅದು ಗೊಬ್ಬರ, ಉಳಿದದ್ದನ್ನ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ ತೆಗೆದರಾಯ್ತು. ಈ ಬ್ಯಾಕ್ಟೀರಿಯಾಗಳು ಟ್ಯಾಂಕಿನಲ್ಲಿ ನೆಲೆಯೂರಿ, ಸಾಕಷ್ಟು ಸಂಖ್ಯೆಗೆ ಬೆಳೆಯೋ ತನಕ ಕಾಯೋದಕ್ಕೆ ಹವ್ಯಾಸಿಗಳು 'ಸೈಕ್ಲಿಂಗ್' ಅಂತಾರೆ. ಪೆಡಲ್ ತುಳಿಯೋ ಸೈಕಲ್ ಅಲ್ಲ, ನೈಟ್ರೋಜನ್ ಸೈಕಲ್.

ನನ್ನ ಅಜ್ಜಿಗೆ ಹೇಳೋದಾದರೆ ನಾನು ಇದನ್ನ ಹೆಪ್ಪು ಹಾಕೋದು ಅಂತಿದ್ದೆ. ಹಾಲು ಕಾಯಿಸಿ ಹೆಪ್ಪು ಹಾಕಿದ ತಕ್ಷಣ ಯಾರೂ ಅದನ್ನ ಮೊಸರು ಅಂತ ಅನ್ನಕ್ಕೆ ಸುರಿದುಕೊಳ್ಳಲ್ಲ. ರಾತ್ರಿ ಕಳೀಬೇಕು. ನೀರಿಗೂ ಹಾಗೇ, ಆದರೆ ಒಂದು ರಾತ್ರಿ ಸಾಲದು. ಇ. ಕೋಲಿಯಂಥ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತೆ. ಅಮೋನಿಯಾ ತಿನ್ನುವ ಇವುಗಳಿಗೆ ಎಲ್ಲ ಅನುಕೂಲ ಇದ್ದರೂ ಹಲವು ಗಂಟೆ ಬೇಕು, ಎಷ್ಟೋ ಸಲ ಒಂದು ದಿನ. ಹಾಗಾಗಿ ಮೂರರಿಂದ ಆರು ವಾರ. ನಮ್ಮ ಸ್ಪ್ರಿಂಟ್ ಪ್ಲಾನಿಂಗ್ ಅವಕ್ಕೆ ಅರ್ಥ ಆಗಲ್ಲ.

ಇದೇನೂ ನಿನ್ನೆ ಮೊನ್ನೆ ಗೊತ್ತಾದ ಗುಟ್ಟಲ್ಲ. ರಷ್ಯಾ ಮೂಲದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳ ಕೆಲಸವನ್ನ 1890ರ ಹೊತ್ತಿಗೇ ತೋರಿಸಿದ್ದ. ಅಕ್ವೇರಿಯಂನಲ್ಲಿ ನೈಟ್ರೈಟ್ ತಿನ್ನೋದು ಪುಸ್ತಕಗಳು ಹೇಳುತ್ತಿದ್ದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಅಂತ 1998ರಲ್ಲಿ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದರು. ಒಂದೇ ಬ್ಯಾಕ್ಟೀರಿಯಾ ಎರಡೂ ಕೆಲಸವನ್ನ ಒಬ್ಬಂಟಿಯಾಗಿ ಮಾಡಬಲ್ಲದು ಅನ್ನೋದು 2015ರಲ್ಲಿ ಗೊತ್ತಾಯ್ತು. ವಿಜ್ಞಾನ ಇಷ್ಟು ದೂರ ಬಂದಿದೆ. ನಮ್ಮ ಅಂಗಡಿಯ ವಿಜ್ಞಾನ ಮಾತ್ರ "ನಾಲ್ಕು ಡ್ರಾಪ್ಸ್, ಅರ್ಧ ಗಂಟೆ"ಯಲ್ಲೇ ನಿಂತಿದೆ.

ಇಲ್ಲಿ ಗಿಡ ಪ್ರಿಯರು ಕೈ ಎತ್ತುತ್ತಾರೆ. "ನಂದು ಪ್ಲಾಂಟೆಡ್ ಟ್ಯಾಂಕು ಕಣ್ರೀ. ಗಿಡಗಳೇ ಅಮೋನಿಯಾ ಎಳ್ಕೊಳ್ಳುತ್ತೆ. ಸೈಕ್ಲಿಂಗ್ ಯಾಕೆ?" ಅರ್ಧ ನಿಜ. ಗಿಡಗಳು ನೈಟ್ರೇಟಿಗಿಂತ ಅಮೋನಿಯಂ ಅನ್ನೇ ಇಷ್ಟಪಟ್ಟು ಹೀರಿಕೊಳ್ಳುತ್ತವೆ. ಬೇರು ಬಿಟ್ಟು ಸೊಂಪಾಗಿ ಬೆಳೆಯುತ್ತಿರುವ ಟ್ಯಾಂಕಿನಲ್ಲಿ ಅದು ದೊಡ್ಡ ಬಲ. ಆದರೆ ಹೊಸ ಟ್ಯಾಂಕಿನ ಗಿಡ ಬೆಳೆಯುತ್ತಿರುತ್ತಾ? ಅಕ್ವೇರಿಯಂ ಗಿಡಗಳಲ್ಲಿ ಬಹಳಷ್ಟನ್ನ ನರ್ಸರಿಯಲ್ಲಿ ಬೆಳೆಸೋದು ನೀರಿನ ಹೊರಗೆ, ಬರೀ ಬೇರು ಒದ್ದೆ ಇಟ್ಟು. ನೀರೊಳಗೆ ಮುಳುಗಿಸಿದ ಕೂಡಲೇ ಹಳೇ ಎಲೆಗಳು ಕರಗಿ, ಆಮೇಲೆ ನೀರಿಗೆ ಒಗ್ಗುವ ಹೊಸ ಎಲೆ ಬರುತ್ತೆ. ಕ್ರಿಪ್ಟೊಕೊರೈನ್ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಇವತ್ತು ನೆಟ್ಟ ಗಿಡ ನಾಳಿದ್ದಿಗೆ ಗಂಜಿಯಾಗಿರುತ್ತೆ. ಆ ಕರಗಿದ ಎಲೆ ಮತ್ತೆ ಅಮೋನಿಯಾ.

ಇನ್ನು ಮಣ್ಣು. ಪ್ಲಾಂಟೆಡ್ ಟ್ಯಾಂಕಿಗೆ ಅಂತಲೇ ಮಾರುವ ಕಪ್ಪು ಅಕ್ವಾಸಾಯಿಲ್‌ಗಳಲ್ಲಿ ಗಿಡಕ್ಕೆ ಬೇಕಾದ ಸಾರಜನಕ ತುಂಬಿರುತ್ತೆ. ಅಂಥ ಎಷ್ಟೋ ಮಣ್ಣು ಮೊದಲ ವಾರಗಳಲ್ಲಿ ಅಮೋನಿಯಾವನ್ನ ನೀರಿಗೆ ಬಿಡ್ತಾನೇ ಇರುತ್ತೆ. ನನ್ನ ಈಗಿನ ಟ್ಯಾಂಕಿನಲ್ಲಿ ಮೂರನೇ ದಿನ ಅಳೆದಾಗ ಟೆಸ್ಟ್ ಟ್ಯೂಬು ಕಡು ಹಸಿರು: 4 ಪಿಪಿಎಂ. ಒಂದೂ ಮೀನಿಲ್ಲದ, ಫಳಫಳ ಅನ್ನೋ, ಫೋಟೋ ತೆಗೆದು ಹಾಕಬಹುದಾದಷ್ಟು ಚಂದದ ನೀರು ಅದು. ಅಮೋನಿಯಾಗೆ ಬಣ್ಣ ಇಲ್ಲ. ಕಣ್ಣಿಗೆ ಕಾಣದ್ದನ್ನ ಕಣ್ಣಿನಿಂದ ಅಳೆಯೋದು ನಮ್ಮ ಮೊದಲ ಮೂರ್ಖತನ. ಹಾಗಾಗಿ ಗಿಡ ಇದ್ದರೆ ಕಾಯೋದು ಬೇಡ ಅನ್ನೋದಲ್ಲ. ಹೊಸ ಪ್ಲಾಂಟೆಡ್ ಟ್ಯಾಂಕು ಮೊದಲ ಕೆಲವು ವಾರ ಬರೀ ಕಲ್ಲಿನ ಟ್ಯಾಂಕಿಗಿಂತ ಹೆಚ್ಚು ವಿಷವಾಗಿರಬಹುದು.

ನಮ್ಮೂರ ನೀರಿನ ಇನ್ನೊಂದು ಮಾತು. ಅಮೋನಿಯಾ ಎಷ್ಟು ವಿಷ ಅನ್ನೋದು ನೀರಿನ ಪಿಹೆಚ್ ಮೇಲೆ ನಿಂತಿದೆ. ಪಿಹೆಚ್ 7 ಇರುವ ನೀರಿಗಿಂತ 8 ಇರುವ ನೀರಿನಲ್ಲಿ ಅದೇ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟು. ಬೆಂಗಳೂರಿನ ಒಂದು ಏರಿಯಾದಲ್ಲಿ ಕಾವೇರಿ ಬರುತ್ತೆ, ಇನ್ನೊಂದರಲ್ಲಿ ಬೋರ್‌ವೆಲ್, ಮತ್ತೊಂದರಲ್ಲಿ ಟ್ಯಾಂಕರ್. ಕೆಲವು ಅಪಾರ್ಟ್‌ಮೆಂಟ್‌ನಲ್ಲಿ ವಾರದೊಳಗೇ ಮೂರೂ. "ನಮ್ಮ ಫ್ರೆಂಡ್ ಮನೇಲಿ ಹಿಂಗೇ ಬಿಟ್ರು, ಏನೂ ಆಗ್ಲಿಲ್ಲ" ಅನ್ನೋ ಮಾತಿಗೆ ಅದಕ್ಕೇ ಬೆಲೆ ಇಲ್ಲ. ಫ್ರೆಂಡ್ ಮನೆಯ ನೀರು ನಿಮ್ಮ ಮನೆಯ ನೀರಲ್ಲ.

ಈಗ ಅಂಗಡಿಯ ಎರಡನೇ ಅಂಕಕ್ಕೆ ಬನ್ನಿ. ಮೀನು ಸಾಯತೊಡಗಿದಾಗ ನಾನು ಓಡಿಹೋಗಿದ್ದು ಅಲ್ಲಿಗೇ. "ಇನ್ಫೆಕ್ಷನ್ ಸಾರ್" ಅಂತ ನೀಲಿ ಔಷಧಿ ಕೊಟ್ಟರು, ಮೆಥಿಲೀನ್ ಬ್ಲೂ. ಶಿಲೀಂಧ್ರಕ್ಕೆ ಅದು ಒಳ್ಳೇ ಔಷಧಿ, ಬೇರೆ ಬಕೆಟ್‌ನಲ್ಲಿ ಮೀನಿಟ್ಟು ಕೊಡೋದಾದರೆ. ಟ್ಯಾಂಕಿಗೇ ಸುರಿದರೆ ಆಗ ತಾನೇ ಕಣ್ಣು ಬಿಡುತ್ತಿದ್ದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ, ಗಿಡಗಳನ್ನೂ ಹಾಳು ಮಾಡುತ್ತೆ. ಅಂದರೆ ಮೀನು ಸಾಯಲು ಕಾರಣ ಯಾವುದರ ಕೊರತೆಯೋ, ಆ ಕೊರತೆಯನ್ನೇ ಔಷಧಿ ಅಂತ ಮಾರಿದರು. ಆಮೇಲೆ ಸಲಹೆ: "ಎಲ್ಲ ಹೊರಗೆ ತೆಗೆದು ನಲ್ಲಿ ನೀರಲ್ಲಿ ಚೆನ್ನಾಗಿ ತೊಳೀರಿ ಸಾರ್." ಈ ಬ್ಯಾಕ್ಟೀರಿಯಾ ಇರೋದು ನೀರಲ್ಲಲ್ಲ. ಫಿಲ್ಟರಿನ ಸ್ಪಂಜಲ್ಲಿ, ಕಲ್ಲಿನ ಮೇಲೆ, ಮಣ್ಣಿನಲ್ಲಿ ಅಂಟಿಕೊಂಡಿರುತ್ತೆ. ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ಹೆಪ್ಪಿನ ಪಾತ್ರೆಯನ್ನೇ ತೊಳೆದ ಹಾಗೆ. ತೊಳೆದೆ. ಟ್ಯಾಂಕು ಮತ್ತೆ ಹೊಸದಾಯ್ತು. ಮತ್ತೆ ಹತ್ತು ನಿಯಾನ್ ತಂದೆ. ಮುಂದಿನದು ನಿಮಗೆ ಗೊತ್ತು.

ಇದು ಮೋಸವಾ? ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಎಲ್ಲ ಓದಿ, ಸಿಟ್ಟು ತಲೆಗೇರಿ, ಒಂದು ದಿನ ಹೋಗಿ ನೇರವಾಗಿ ಕೇಳಿದೆ: "ಒಂದು ತಿಂಗಳು ಬಿಟ್ಟು ಬಂದು ಮೀನು ತಗೊಳ್ಳಿ ಅಂತ ಯಾಕೆ ಹೇಳಲ್ಲ ನೀವು?" ಅವರು ನಕ್ಕರು. "ಹೇಳಿದ್ರೆ ನೀವು ಪಕ್ಕದ ಅಂಗಡಿಗೆ ಹೋಗ್ತೀರ ಸಾರ್. ಮೊದಮೊದಲು ಹೇಳ್ತಿದ್ದೆ." ನನಗೆ ಉತ್ತರ ಸಿಗಲಿಲ್ಲ. ಹೌದು, ಹೋಗ್ತಿದ್ದೆ. ಹತ್ತು ನಿಮಿಷಕ್ಕೆ ದಿನಸಿ ಬರದಿದ್ದರೆ ಆ್ಯಪಿಗೆ ಒಂದು ಸ್ಟಾರ್ ಕೊಡೋ ಮನುಷ್ಯ ನಾನು. ಬಾಡಿಗೆ ಕಟ್ಟಬೇಕಾದ ಅಂಗಡಿಯವರು ನನ್ನ ತಾಳ್ಮೆಯ ಮೇಲೆ ವ್ಯಾಪಾರ ನಡೆಸಬೇಕು ಅಂತ ಬಯಸೋದು ಯಾವ ನ್ಯಾಯ?

ಲೆಕ್ಕ ಸರಳ. ಕಾಫಿ ಶಾಪಿನ ಒಂದು ಕಾಫಿಯ ದುಡ್ಡಿಗೆ ಮೂರು ನಾಲ್ಕು ಪುಟ್ಟ ಮೀನು ಬರುತ್ತೆ. ಸತ್ತರೆ ಮತ್ತೆ ತಂದರಾಯ್ತು. ಕಾಯೋದು ಅದಕ್ಕಿಂತ ದುಬಾರಿ. ಇಡೀ ಪದ್ಧತಿ ನಿಂತಿರೋದು ಈ ಒಂದು ಲೆಕ್ಕದ ಮೇಲೆ: ಮೀನು ಅಗ್ಗ, ತಿಂಗಳು ದುಬಾರಿ. ನಾಯಿಮರಿಯೊಂದು ಮನೆಗೆ ಬಂದ ವಾರದಲ್ಲಿ ಸತ್ತರೆ ನಾವು ಎಷ್ಟು ಗಲಾಟೆ ಮಾಡ್ತೀವಿ! ಹತ್ತು ಮೀನು ಸತ್ತರೆ ಕಮೋಡಿಗೆ ಹಾಕಿ ಫ್ಲಶ್ ಒತ್ತುತ್ತೀವಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ 'ಪ್ರಾಣಿ' ಅಂದರೆ ಮನುಷ್ಯನನ್ನ ಬಿಟ್ಟು ಬೇರೆ ಯಾವುದೇ ಜೀವಿ ಅಂತಿದೆ. ಕಾನೂನಿಗೆ ಮೀನೂ ಪ್ರಾಣಿಯೇ. ನಮಗೆ ಮಾತ್ರ ಅದು ಇನ್ನೂ ಷೋಕೇಸಿನ ಸಾಮಾನು.

ಆತ್ಮಸಾಕ್ಷಿ ಸ್ವಲ್ಪ ಚುಚ್ಚಿದರೆ ಅದಕ್ಕೂ ಔಷಧಿ ಇದೆ. ವಾಸ್ತು. "ಮೀನು ಸತ್ತರೆ ಒಳ್ಳೇದೇ, ಮನೆಗೆ ಬರಬೇಕಿದ್ದ ಕಂಟಕ ಅದು ತಗೊಂಡು ಹೋಯ್ತು" ಅಂತ ಎಷ್ಟು ಜನ ಹೇಳೋದನ್ನ ಕೇಳಿದ್ದೀರಿ? ನನಗೆ ಆ ಎರಡು ವಾರದಲ್ಲಿ ಮೂವರು ಹೇಳಿದರು. ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲದ ನಂಬಿಕೆ ಬೇರೊಂದು ಇರಲಾರದು. ಮಾಲು ಹಾಳಾದಷ್ಟೂ ಗಿರಾಕಿ ಸಮಾಧಾನದಿಂದ ಮತ್ತೆ ಕೊಳ್ಳುತ್ತಾನೆ! ನಂಬೋರನ್ನ ನಾನು ಗೇಲಿ ಮಾಡ್ತಿಲ್ಲ. ಆದರೆ ಇದೇ ನಾವು ಚಿಕ್ಕವರಿದ್ದಾಗ ಶೃಂಗೇರಿಗೆ ಹೋಗಿ, ತುಂಗೆಯ ಮೆಟ್ಟಿಲ ಮೇಲೆ ಕೂತು, ಮೀನುಗಳಿಗೆ ಮಂಡಕ್ಕಿ ಎರಚಿದವರು. ಅಲ್ಲಿನ ಮೀನಿಗೆ ಯಾರೂ ಕೈ ಹಾಕೋ ಹಾಗಿಲ್ಲ, ಅದು ದೇವರದು. ಹೊಳೆಯಲ್ಲಿ ದೇವರ ಮೀನು, ಹಾಲ್‌ನಲ್ಲಿ ಕಂಟಕದ ಡಸ್ಟ್‌ಬಿನ್. ನಡುವೆ ಏನು ಬದಲಾಯಿತು?

"ನೀವು ಕರಾವಳಿಯವರು ಬಂಗುಡೆ ಫ್ರೈ ತಿನ್ನಲ್ವಾ ಮಾರಾಯ್ರೇ? ಈ ಚೋಟುದ್ದದ ಮೀನಿಗೆ ಇಷ್ಟು ಕಣ್ಣೀರಾ?" ಅಂತ ಕೇಳೋರಿದ್ದಾರೆ. ತಿಂತೀನಿ. ಚೆನ್ನಾಗಿಯೇ ತಿಂತೀನಿ. ತಿನ್ನೋ ಮೀನಿನ ಬಗ್ಗೆಯೂ ಕೇಳಬೇಕಾದ ಪ್ರಶ್ನೆಗಳಿವೆ, ಅದು ಬೇರೆ ಚರ್ಚೆ. ಆದರೆ ಬಂಗುಡೆ ಒಬ್ಬರ ಹೊಟ್ಟೆ ತುಂಬಿಸುತ್ತೆ. ಐದು ದಿನ ಕಿವಿರು ಸುಟ್ಟುಕೊಂಡು ಸತ್ತ ನನ್ನ ನಿಯಾನ್ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ. ನಾನು ಅದನ್ನ ಮನೆಗೆ ತಂದಿದ್ದೇ "ಸಾಕ್ತೀನಿ" ಅಂತ. ಸಾಕೋದು ಅಂತ ಹೇಳಿ ತಂದ ಮೇಲೆ ಜವಾಬ್ದಾರಿ ಬೇರೆಯದೇ. ಮೀನಿಗೆ ನೋವಾಗಲ್ಲ ಅನ್ನೋ ಮಾತೂ ಹಳೆಯದಾಯ್ತು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಭಾಗದಲ್ಲಿ, ಗಾಯ ಮಾಡುವಂಥ ಶಾಖ, ಒತ್ತಡ, ರಾಸಾಯನಿಕಗಳಿಗೆ ಸ್ಪಂದಿಸುವ ನರಗಳನ್ನ ತೋರಿಸಿದರು.

"ಗಟ್ಟಿ ಮೀನು ಮೊದಲು ಬಿಡಿ, ಅದೇ ಸೈಕಲ್ ಮಾಡುತ್ತೆ" ಅನ್ನೋದು ಹಳೇ ಕಾಲದ ಹವ್ಯಾಸಿಗಳ ಸಲಹೆ. ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ. ಮೀನಿನ ಅಮೋನಿಯಾದಿಂದಲೂ ಬ್ಯಾಕ್ಟೀರಿಯಾ ಬೆಳೆಯುತ್ತೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡೋನು. ಟೆಸ್ಟ್ ಮಾಡದ ಕೋಡನ್ನ ಪ್ರೊಡಕ್ಷನ್‌ಗೆ ಬಿಟ್ಟರೆ ನಮ್ಮಲ್ಲಿ ಕೆಲಸ ಹೋಗುತ್ತೆ. ಗಟ್ಟಿ ಮೀನು ಬಿಡೋದು ಅಂದರೆ ಅದೇ: ಪ್ರೊಡಕ್ಷನ್‌ನಲ್ಲಿ ಟೆಸ್ಟಿಂಗ್, ಅದೂ ಕ್ರ್ಯಾಶ್ ಆದರೆ ರೋಲ್‌ಬ್ಯಾಕ್ ಇಲ್ಲದ್ದು. ಕೆಲವು ಮೀನು ಬದುಕಿ ಉಳಿಯುತ್ತೆ. ಬದುಕಿ ಉಳಿಯೋದು ಬೇರೆ, ಬದುಕೋದು ಬೇರೆ.

ಅಷ್ಟಕ್ಕೂ ಮೀನಿಲ್ಲದೆ ಇದನ್ನ ಮಾಡೋದು ಕಷ್ಟವಾ? ಇಲ್ಲವೇ ಇಲ್ಲ. ಟ್ಯಾಂಕು ಜೋಡಿಸಿ, ಗಿಡ ನೆಡಿ, ಕ್ಲೋರಿನ್ ತೆಗೆದ ನೀರು ತುಂಬಿ, ಫಿಲ್ಟರ್ ಹಾಕಿ, ಅದನ್ನ ಆರಿಸಲೇಬೇಡಿ. ಮಣ್ಣು ತಾನೇ ಅಮೋನಿಯಾ ಬಿಡುತ್ತಿದ್ದರೆ ನೀವು ಏನೂ ಸೇರಿಸಬೇಕಿಲ್ಲ. ಮೊದಲ ವಾರ ಒಂದೆರಡು ದಿನಕ್ಕೊಮ್ಮೆ ಅರ್ಧ ನೀರು ಬದಲಿಸಿ, ಪಾಚಿಯೂ ಹಿಡಿತದಲ್ಲಿರುತ್ತೆ. ಬರೀ ಮರಳು, ಕಲ್ಲು ಆದರೆ ಅಮೋನಿಯಂ ಕ್ಲೋರೈಡ್ ಹಾಕಬೇಕು. ಪಾತ್ರೆಗೆ ಕಲಾಯಿ ಹಾಕೋರು ಬಳಸ್ತಿದ್ದ ನವಸಾಗರ ಇದೇ, ಆದರೆ ಟ್ಯಾಂಕಿಗೆ ಲ್ಯಾಬ್‌ನವರು ಬಳಸುವ ಶುದ್ಧವಾದದ್ದನ್ನೇ ತನ್ನಿ. 100 ಲೀಟರಿಗೆ ಸುಮಾರು 0.6 ಗ್ರಾಂ ಹಾಕಿದರೆ 2 ಪಿಪಿಎಂ ಅಮೋನಿಯಾ. ಒಂದು ಲಿಕ್ವಿಡ್ ಟೆಸ್ಟ್ ಕಿಟ್ ಕೊಳ್ಳಿ. ನೀವು ಸಾಯಿಸಲಿರುವ ಮೊದಲ ಬ್ಯಾಚಿನ ಮೀನುಗಳನ್ನ, ಔಷಧಿಗಳನ್ನ ಲೆಕ್ಕ ಹಾಕಿ, ಕಿಟ್ ದುಬಾರಿ ಅನಿಸಲ್ಲ.

ಮೊದಲು ಅಮೋನಿಯಾ ಇಳಿಯುತ್ತೆ, ನೈಟ್ರೈಟ್ ಏರುತ್ತೆ. ಆಮೇಲೆ ನೈಟ್ರೈಟ್ ಇಳಿಯುತ್ತೆ, ನೈಟ್ರೇಟ್ ಏರುತ್ತೆ. ಒಂದು ಸಂಜೆ 2 ಪಿಪಿಎಂ ಅಮೋನಿಯಾ ಹಾಕಿ, ಮರುದಿನ ಸಂಜೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದರೆ ಟ್ಯಾಂಕು ಸಿದ್ಧ. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಆಮೇಲೆ ಮೀನು ತನ್ನಿ. ಅದೂ ಒಂದೇ ಸಲಕ್ಕೆ ಇಪ್ಪತ್ತಲ್ಲ. ಐದಾರು ತಂದು, ಒಂದೆರಡು ವಾರ ನೋಡಿ, ಮತ್ತೆ ಐದಾರು.

ಅವಸರ ಇದ್ದೇ ಇದ್ದರೆ ಅದಕ್ಕೂ ಮರ್ಯಾದೆಯ ದಾರಿ ಇದೆ. ಹೆಪ್ಪಿಲ್ಲದಿದ್ದರೆ ಏನು ಮಾಡ್ತಿದ್ವಿ? ಲೋಟ ಹಿಡಿದು ಪಕ್ಕದ ಮನೆಗೆ ಹೋಗ್ತಿದ್ವಿ. ಇಲ್ಲೂ ಅಷ್ಟೇ. ಆರೋಗ್ಯವಾಗಿ ವರ್ಷಗಟ್ಟಲೆ ನಡೆದಿರೋ ಟ್ಯಾಂಕು ಗೆಳೆಯರ ಮನೆಯಲ್ಲಿದ್ದರೆ, ಅವರ ಫಿಲ್ಟರಿನ ಒಂದು ಕೊಳಕು ಸ್ಪಂಜಿನ ತುಂಡನ್ನ ಆ ಟ್ಯಾಂಕಿನ ನೀರಲ್ಲೇ ಮುಳುಗಿಸಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಆರು ವಾರದ ಕೆಲಸ ಎರಡು ವಾರಕ್ಕೆ ಇಳಿಯಬಹುದು. ಟೆಸ್ಟ್ ಮಾತ್ರ ಬಿಡಬೇಡಿ. ಹೆಪ್ಪು ಹಾಕಿದ ಮಾತ್ರಕ್ಕೆ ಮೊಸರಾಯ್ತು ಅಂತಲ್ಲ.

ಇದನ್ನ ಓದ್ತಿರೋ ಹೊತ್ತಿಗೆ ನಿಮ್ಮ ಹೊಸ ಟ್ಯಾಂಕಿನಲ್ಲಿ ಮೀನು ಆಗಲೇ ಇದ್ದರೆ ಗಾಬರಿಯಾಗಬೇಡಿ. ಇವತ್ತೇ ಕಾಲು ಭಾಗದಿಂದ ಅರ್ಧ ನೀರು ಬದಲಿಸಿ, ಕ್ಲೋರಿನ್ ತೆಗೆದದ್ದು. ಅಮೋನಿಯಾ, ನೈಟ್ರೈಟ್ ಕಾಣೋ ತನಕ ದಿನಾ ಹಾಗೇ ಮಾಡಿ. ಊಟ ದಿನ ಬಿಟ್ಟು ದಿನ, ಚಿಟಿಕೆಯಷ್ಟು. ಫಿಲ್ಟರ್ ತೊಳೀಬೇಡಿ. ನೀಲಿ ಔಷಧಿ ಸುರೀಬೇಡಿ. ಹೊಸ ಮೀನು ತರಬೇಡಿ.

ಇನ್ನು ನನ್ನ ಬೇಡಿಕೆಗಳು, ಎರಡೇ. ಅಂಗಡಿಯವರಿಗೆ: ಹೊಸ ಟ್ಯಾಂಕು ಕೊಂಡವರಿಗೆ ಅದೇ ದಿನ ಮೀನು ಮಾರಬೇಡಿ. ಟ್ಯಾಂಕು, ಗಿಡ, ಮಣ್ಣು, ಟೆಸ್ಟ್ ಕಿಟ್ ಮಾರಿ, ಅದರಲ್ಲೂ ಲಾಭ ಇದೆ. ಮುಂದಿನ ತಿಂಗಳು ನೀರಿನ ಸ್ಯಾಂಪಲ್ ತನ್ನಿ, ನಾವೇ ಅಳೆದು ಕೊಡ್ತೀವಿ ಅನ್ನಿ. ಆ ಗಿರಾಕಿ ಹತ್ತು ವರ್ಷ ನಿಮ್ಮ ಬಳಿಗೇ ಬರ್ತಾನೆ. ಮೊದಲ ತಿಂಗಳಲ್ಲೇ ಮೀನು ಸಾಯಿಸಿಕೊಂಡವನು ಟ್ಯಾಂಕನ್ನ ಬಾಲ್ಕನಿಗೆ ಎತ್ತಿ ಹಾಕಿ ಈರುಳ್ಳಿ ತುಂಬಿಡ್ತಾನೆ.

ನಮಗೆ, ಕೊಳ್ಳೋರಿಗೆ: ಕಾಯಿರಿ ಅಂದ ಅಂಗಡಿಯಿಂದ ಎದ್ದು ಪಕ್ಕದ ಅಂಗಡಿಗೆ ಹೋಗಬೇಡಿ. ಅಲ್ಲೇ ಕೊಳ್ಳಿ. "ಇವತ್ತೇ ಮೀನು ಬಿಡಿ" ಅಂದ ಅಂಗಡಿಗೆ ಬೆನ್ನು ತೋರಿಸಿ. ಕಾನೂನು ಬರೋ ತನಕ ಕಾಯಬೇಕಿಲ್ಲ, ಈ ಒಂದನ್ನ ನಮ್ಮ ಪರ್ಸೇ ಮಾಡಬಲ್ಲದು. ಖಾಲಿ ಟ್ಯಾಂಕೂ ನೋಡೋಕೆ ಏನೂ ಬೋರಲ್ಲ. ಮೂರನೇ ವಾರ ಹೊಸ ಎಲೆ ಚಿಗುರುತ್ತೆ, ಎಲ್ಲಿಂದಲೋ ಬಂದ ಒಂದು ಪುಟ್ಟ ಬಸವನಹುಳು ಗಾಜಿನ ಮೇಲೆ ಮೇಯುತ್ತೆ, ಮಧ್ಯಾಹ್ನದ ಬೆಳಕಲ್ಲಿ ಎಲೆಗಳಿಂದ ಗುಳ್ಳೆ ಏಳುತ್ತೆ.

ಅಕ್ಕನ ಮನೆ ಎರಡು ರಸ್ತೆ ಆಚೆ. ಅವಳ ಮಗಳಿಗೆ ಈಗ ಏಳು ವರ್ಷ. ಈ ಟ್ಯಾಂಕು ಜೋಡಿಸಿದ ದಿನ ಅವಳನ್ನ ಕೂರಿಸಿಕೊಂಡು ಹೇಳಿದೆ, "ಅವತ್ತು ಮೀನಿಗೆ ವಯಸ್ಸಾಗಿರಲಿಲ್ಲ ಪುಟ್ಟಿ. ನಾನು ಕಾಯಲಿಲ್ಲ, ಅದಕ್ಕೇ ಸತ್ತಿದ್ದು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಎಷ್ಟು ದಿನ ಕಾಯ್ಬೇಕು?" ಅಂದಳು. ಗೊತ್ತಿಲ್ಲ, ಬಣ್ಣ ನೋಡಬೇಕು ಅಂತ ಟೆಸ್ಟ್ ಟ್ಯೂಬು ತೋರಿಸಿದೆ. ಅಂದಿನಿಂದ ಫ್ರಿಜ್ ಮೇಲೆ ಅಂಟಿಸಿದ ಹಾಳೆಯಲ್ಲಿ ಅಂಕಿ ಬರೆಯೋದು ಅವಳ ಕೆಲಸ. ನಿನ್ನೆ ಸಂಜೆ ನೈಟ್ರೈಟ್ 0.25 ಇತ್ತು. ಅದನ್ನ ಬರೆದು, ಪಕ್ಕದಲ್ಲಿ ತಾನೇ ಸೇರಿಸಿದ್ದಾಳೆ: "ಇನ್ನೂ ಇಲ್ಲ."